ಪಕ್ಕ ನಿಂತು ಕೇಳಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿ ನಿಮಗೆಲ್ಲ ಇದೆ. ಮರ ಹತ್ತಿ ಹೊಡೆಯುವ ಕೊನೆಗಾರರು ಸಿಗುವುದೇ ಕಷ್ಟ. ಆದರೂ ಈ ಲೈಬ್ರರಿ ಅಂಗಳಕ್ಕೆ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಕರಪತ್ರದಲ್ಲಿ ‘ದೊಡ್ಡವರ ಕಲಿಕೆ’ ಅಂತ ಹಾಕಿದ್ದಾರೆ. ಅದನ್ನು ನೋಡಿ ಒಬ್ಬರು, “ಇನ್ನು ಈ ವಯಸ್ಸಲ್ಲಿ ಏನು ಕಲಿಯೋದು ಮಾರಾಯ್ರೇ?” ಅಂದರು. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಕಲಿಯಲಿಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಕೆಲಸ ನಡೆಯುವಾಗ ಪಕ್ಕ ನಿಂತು ‘ಯಾಕೆ?’ ಅಂತ ಕೇಳಿದರೆ ಸಾಕು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು. ಸುತ್ತ ದ್ರಾಕ್ಷಿ ತೋಟಗಳು. 1882ರ ಅಕ್ಟೋಬರಿನಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು ಅಲ್ಲೊಂದು ತೋಟದ ಬದಿಯಲ್ಲಿ ಹೋಗುತ್ತಿದ್ದರು. ಅವರಿಗೂ ನಲವತ್ತು ದಾಟಿತ್ತು, ಗಮನಿಸಿ. ಬೂಜು ರೋಗ ಬಂದು ಬಳ್ಳಿಗಳ ಎಲೆಯೆಲ್ಲ ಉದುರಿತ್ತು. ದಾರಿಗೆ ತಾಗಿದ ಸಾಲುಗಳಲ್ಲಿ ಮಾತ್ರ ಎಲೆ ಚೆನ್ನಾಗೇ ಇತ್ತು. ಮೇಷ್ಟ್ರು ನಿಂತರು. ಎಲೆ ಮೇಲೆ ಏನೋ ನೀಲಿ ನೀಲಿ ಬಳಿದ ಹಾಗಿತ್ತು. ತೋಟ ನೋಡಿಕೊಳ್ಳುವವರನ್ನು ಹುಡುಕಿ ಕೇಳಿದರು. ಅವರು ಹೇಳಿದ್ದು ಇಷ್ಟೇ: ಹೋಗಿ ಬರುವವರು ಹಣ್ಣು ಕೀಳುತ್ತಾರೆ, ಅದಕ್ಕೆ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಸುಣ್ಣ ಕಲಸಿ ಎರಚಿದ್ದೇವೆ, ನೋಡಿದವರು ವಿಷ ಅಂದುಕೊಂಡು ಮುಟ್ಟುವುದಿಲ್ಲ.

ಕಳ್ಳರನ್ನು ಓಡಿಸಲಿಕ್ಕೆ ಎರಚಿದ್ದು ರೋಗವನ್ನೂ ಓಡಿಸಿತ್ತು! ಮಿಲಾರ್ಡೆ ಅದನ್ನು ಪರೀಕ್ಷೆ ಮಾಡಿ ನೋಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆ ಆಗ ಕೊಳೆ ತಡೆಯಲು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ, ಇದೇ ದ್ರಾವಣವನ್ನು ಅಡಿಕೆಗೂ ಹೊಡೆಯಿರಿ ಅಂದರು. ಒಬ್ಬ ಮೇಷ್ಟ್ರು ದಾರಿಯಲ್ಲಿ ನಿಂತು ಕೇಳಿದ್ದರಿಂದ ನಮ್ಮ ಅಡಿಕೆ ಉಳಿಯಿತು, ಅಲ್ವಾ?

ಈ ಸಲ ಔಷಧಿ ಕಲಸುವಾಗ ಡ್ರಮ್ಮಿನ ಪಕ್ಕ ಹೋಗಿ ನಿಲ್ಲಿ. ಒಂದು ಕೆಜಿ ಮೈಲುತುತ್ತಕ್ಕೆ 50 ಲೀಟರ್ ನೀರು, ಒಂದು ಕೆಜಿ ಸುಣ್ಣಕ್ಕೆ 50 ಲೀಟರ್. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯುತ್ತಾರೆ. ಆಮೇಲೆ ಕಲಸುವವರು ಒಂದು ಕತ್ತಿ ತೆಗೆದು ಅದ್ದುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಅಲಗು ಕೆಂಪಗಾಗಿದ್ದರೆ, “ಸುಣ್ಣ ಸಾಲದು, ಇನ್ನೊಂದು ಸ್ವಲ್ಪ ಹಾಕಿ” ಅನ್ನುತ್ತಾರೆ. ಆ ಕೆಂಪು ಏನು? ತಾಮ್ರ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿದೆ. ಹಾಗೇ ಹೊಡೆದರೆ ಹಿಂಗಾರ (ಅಡಿಕೆಯ ಹೂಗೊಂಚಲು), ಎಲೆ ಸುಟ್ಟೀತು. ಇದು ಶಾಲೆಯಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಪಾಠವೇ. ಕತ್ತಿ ಅದ್ದುವವರಿಗೆ ಅದು ಕೈಯಲ್ಲೇ ಇದೆ. ಅವರ ಪಕ್ಕ ನಿಂತು ಕೇಳಿ. ಸಂಕೋಚ ಬೇಡ. ಕೆಲಸ ಬಲ್ಲವರಿಗೆ ಕೇಳುವವರು ಸಿಕ್ಕರೆ ಎಷ್ಟು ಖುಷಿ ಅಂತ ನಾನು ನೋಡಿದ್ದೇನೆ.

ಇನ್ನು ಮಳೆ. “ಈ ವರ್ಷ ಮಳೆ ಜಾಸ್ತಿ” ಅನ್ನುತ್ತೇವೆ. ಎಷ್ಟು ಜಾಸ್ತಿ? ಮೇಲಿಂದ ಕೆಳಗೆ ಒಂದೇ ಅಗಲ ಇರುವ ಡಬ್ಬವನ್ನು ಅಂಗಳದ ನಡುವೆ, ಮರ ಮಾಡಿನ ನೀರು ಬೀಳದ ಕಡೆ ಇಡಿ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಗ್ಗೆ 8.30ಕ್ಕೆ. ನೀವೂ ಅದೇ ಹೊತ್ತಿಗೆ ಮಕ್ಕಳ ಸ್ಕೇಲು ಹಿಡಿದು ನೋಡಿ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಹಾಗಾದರೆ 100 ಮಿಲಿಮೀಟರ್ ಬಿದ್ದ ದಿನ ಒಂದು ಎಕರೆ ತೋಟಕ್ಕೆ ಬಿದ್ದದ್ದು ಸುಮಾರು 4 ಲಕ್ಷ ಲೀಟರ್! ಅಷ್ಟು ನೀರು ಎಲ್ಲಿ ಹೋಯಿತು ಅಂತ ಬಸಿಗಾಲುವೆ ಹಿಡಿದು ನಡೆದರೆ, ಕೊಳೆ ಮೊದಲು ಯಾವ ಮೂಲೆಯಲ್ಲಿ ಬರುತ್ತದೆ, ಯಾಕೆ ಅಲ್ಲೇ ಬರುತ್ತದೆ ಅನ್ನುವುದೂ ನಿಮಗೇ ಹೊಳೆಯಬಹುದು.

ಚೀಟಿ ಬಂತು, ಸಮಯ ಆಯಿತಂತೆ. ಹೆಗ್ಗೋಡಿನ ಬಗ್ಗೆ ಜಾಸ್ತಿ ಹೇಳಬೇಕಿತ್ತು. 1949ರಲ್ಲಿ ಅಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದವರೇ. ಹಳ್ಳಿಯ ಜನ ಕೂತು ಲೋಕದ ಸಿನಿಮಾ ನೋಡಿ ಚರ್ಚೆ ಮಾಡಿದ್ದು ನಮ್ಮ ಸಾಗರ ತಾಲ್ಲೂಕಿನಲ್ಲೇ. ಮಂಗನ ಕಾಯಿಲೆ ವಿಷಯವೂ ಉಳಿಯಿತು. ಅದನ್ನು 1957ರಲ್ಲಿ ಗುರುತಿಸಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗುವವರು ಅದನ್ನು ಹರಡುವ ಉಣ್ಣೆ ಹುಳದ ಬಗ್ಗೆ ಆರೋಗ್ಯ ಕಾರ್ಯಕರ್ತೆಯರ ಹತ್ತಿರ ದಯವಿಟ್ಟು ಕೇಳಿ ತಿಳಿದುಕೊಳ್ಳಿ.

ಹಿಂದಿನ ಸಾಲಿನಲ್ಲಿ ಒಬ್ಬ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.