ಧರ್ಮಕ್ಕೆ ಸಿಗುವ ಕೋಡಿಂಗ್ ಕೋರ್ಸ್: ಸೇರಬಹುದಾ?

ಕೇಳುಗರಿಗೆ ನಮಸ್ಕಾರ.

ಪ್ಲಸ್ ಟೂ ಪರೀಕ್ಷೆ ಮುಗಿಯಿತು. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ತಂದೆತಾಯಂದಿರು ಈಗ ಕೇಳುವುದು ಒಂದೇ ಪ್ರಶ್ನೆ. "ಮಾಸ್ಟ್ರೇ, ಆನ್‌ಲೈನಲ್ಲಿ ನಾಲ್ಕು ವಾರದ ಕೋಡಿಂಗ್ ಕೋರ್ಸ್ ಧರ್ಮಕ್ಕೆ ಸಿಗುತ್ತದಂತೆ. ಮಗಳನ್ನು ಸೇರಿಸಬಹುದಾ? ಪ್ರಯೋಜನ ಉಂಟಾ?"

ಕೋಡಿಂಗ್ ಅಂದರೆ ಕಂಪ್ಯೂಟರಿಗೆ ಪ್ರೋಗ್ರಾಂ, ಅಂದರೆ ಮಾಡಬೇಕಾದ ಕೆಲಸದ ಸೂಚನೆ, ಬರೆಯುವುದು. ಸೇರಿಸಿ ಎಂದೇ ನನ್ನ ಉತ್ತರ. ಆದರೆ ಕೆಲಸ ಸಿಗುತ್ತದೆ ಎಂಬ ಲೆಕ್ಕದಲ್ಲಿ ಬೇಡ. ನಾಲ್ಕು ವಾರದಲ್ಲಿ ಯಾರೂ ಪ್ರೋಗ್ರಾಮರ್ ಆಗುವುದಿಲ್ಲ. ಈ ವಿಷಯ ತನಗೆ ಹಿಡಿಸುತ್ತದೋ ಇಲ್ಲವೋ ಎಂದು ಮಗಳಿಗೆ ಗೊತ್ತಾಗುತ್ತದೆ. ಸಾಲ ಮಾಡಿ ಇಂಜಿನಿಯರಿಂಗ್ ಸೇರುವ ಮೊದಲೇ ಅದು ಗೊತ್ತಾದರೆ ಸಣ್ಣ ಲಾಭವಲ್ಲ, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಯುತ್ತಿರುವ ಹುಡುಗಿ ಮನೆಯ ಚಾಲಿ ಅಡಿಕೆಯ ತೂಕ ಕೂಡಿಸಲು ಪ್ರೋಗ್ರಾಂ ಬರೆಯುತ್ತಾಳೆ ಅಂದುಕೊಳ್ಳಿ. ಒಂದು ಗೋಣಿ 62 ಕಿಲೋ, ಇನ್ನೊಂದು 65. ಒಟ್ಟು 127 ಬರಬೇಕು. ಪರದೆಯಲ್ಲಿ 6265 ಅಂತ ಬರುತ್ತದೆ! ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಪೈಥಾನ್ ಅಕ್ಷರವೆಂದೇ ಹಿಡಿಯುತ್ತದೆ, ಒಂದರ ಪಕ್ಕ ಇನ್ನೊಂದನ್ನು ಅಂಟಿಸುತ್ತದೆ. 'ಇಂಟ್' ಎಂಬ ಆಜ್ಞೆ ಹಾಕಿ ಅದನ್ನು ಪೂರ್ಣಸಂಖ್ಯೆ ಮಾಡಿಕೊಂಡರೆ 127 ಸರಿಯಾಗಿ ಬರುತ್ತದೆ. ಮರುದಿನ ತೂಕ 62.5 ಎಂದು ಕೊಟ್ಟರೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ದಶಾಂಶ ಇದ್ದರೆ 'ಇಂಟ್' ಸಾಲದು, 'ಫ್ಲೋಟ್' ಎಂಬ ಆಜ್ಞೆ ಬೇಕು. ವಿಡಿಯೋದಲ್ಲಿ ಇದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ತಾನೇ ತಲೆಕೆಡಿಸಿಕೊಂಡು ಸರಿಮಾಡಿದವಳು ಮಾತ್ರ ಅದನ್ನು ಮರೆಯುವುದಿಲ್ಲ. ಸುಮ್ನೆ ನೋಡುತ್ತಾ ಹೋದರೆ ಕೋರ್ಸ್ ಮುಗಿಯುತ್ತದೆ, ವಿದ್ಯೆ ಕೈಗೆ ಹತ್ತುವುದಿಲ್ಲ.

ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ವಿವರಣೆಯೇ ದೊಡ್ಡ ತೊಡಕು. ಅವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಆನ್‌ಲೈನ್ ವಿಡಿಯೋ ಪಾಠಗಳಿಂದ ಶುರು ಮಾಡಲಿ. ಸಿ, ಜಾವಾ ಎಂಬ ಕೋಡಿಂಗ್ ಭಾಷೆಗಳ ಪಾಠಗಳು ಕನ್ನಡದಲ್ಲೇ ಇವೆ. ಒಂದೊಂದು ಸುಮಾರು 10 ನಿಮಿಷ. ಅಲ್ಲಲ್ಲಿ ನಿಲ್ಲಿಸಿ, ತಾವೂ ಟೈಪ್ ಮಾಡಿ, ಆಮೇಲೆ ಮುಂದೆ ಹೋಗಬೇಕು. ಅದು ಮುಗಿದ ಮೇಲೆ ಐಐಟಿಗಳ ಆನ್‌ಲೈನ್ ಕೋರ್ಸುಗಳ ತಾಣವಾದ ಎನ್‌ಪಿಟಿಇಎಲ್‌ಗೆ ಹೋಗಬಹುದು. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ 8 ವಾರದ ಪೈಥಾನ್ ಕೋರ್ಸ್ ಅಲ್ಲಿ ಉಂಟು. ಇಂಗ್ಲಿಷಿನಲ್ಲಿದೆ, ಸ್ವಲ್ಪ ಕಷ್ಟದ್ದು, ಆದರೆ ಗಟ್ಟಿ ಪಾಠ. ಕಲಿಯಲು ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಂಥ ಸರ್ಟಿಫಿಕೇಟಿಗೆ ಬೆಲೆ ಉಂಟು. ವಿಡಿಯೋ ಕೊನೆವರೆಗೆ ಓಡಿಸಿದ ಮಾತ್ರಕ್ಕೆ ಬರುವ ಕಾಗದಕ್ಕೆ ಇಲ್ಲ.

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ ಇದೆ. ಅಲ್ಲಿ ಸ್ಕ್ರ್ಯಾಚ್ ಎಂಬ ಮಕ್ಕಳ ಕೋಡಿಂಗ್ ಭಾಷೆ ಕಲಿತವರಿಗೆ ಕೋಡಿಂಗ್ ಪೂರ್ತಿ ಹೊಸದೇನಲ್ಲ.

ಇನ್ನೊಂದು ಮಾತು. ಮೊಬೈಲಿನಲ್ಲಿ ಪಾಠ ನೋಡಬಹುದು, ಅಭ್ಯಾಸ ಕಷ್ಟ. ಕೀಬೋರ್ಡ್ ಬೇಕೇ ಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ, ರಜೆಯಲ್ಲಿ ದಿನಕ್ಕೊಂದು ಗಂಟೆ ಶಾಲೆಯ ಲ್ಯಾಬ್ ತೆರೆಯಲು ಹೆಡ್‌ಮಾಸ್ಟ್ರಲ್ಲಿ ಕೇಳಿ. ಪಿಟಿಎ ಮೀಟಿಂಗಿನಲ್ಲಿ ನಾಲ್ಕು ಮಂದಿ ಸೇರಿ ಕೇಳಿ. ಮಕ್ಕಳು ಇಬ್ಬರು ಮೂವರು ಜೊತೆಗೆ ಕೂತು ಕಲಿಯಲಿ. ಒಬ್ಬರೇ ಕೂತರೆ ಎರಡನೇ ವಾರಕ್ಕೇ ಬಿಟ್ಟುಬಿಡುವುದು ಜಾಸ್ತಿ.

ನಮಸ್ಕಾರ.