ಹಿಡನ್ ಆಬ್ಜೆಕ್ಟ್ ಗೇಮ್: ಅಡಗಿಸಿದ್ದಾ, ಬರೀ ಮಬ್ಬು ಮಾಡಿದ್ದಾ?

ಹಿಡನ್ ಆಬ್ಜೆಕ್ಟ್ ಗೇಮ್ ಅಂದರೆ ಸಾಮಾನು ತುಂಬಿದ ಒಂದು ಚಿತ್ರದಲ್ಲಿ, ಅಂದರೆ ಸೀನಿನಲ್ಲಿ, ಲಿಸ್ಟಿನಲ್ಲಿ ಕೊಟ್ಟ ವಸ್ತುಗಳನ್ನು ಹುಡುಕಿ ಒತ್ತುವ ಆಟ. ಒಂದು ಸೀನ್ ನೋಡಿ: ಹಳೇ ಬಂಗ್ಲೆಯ ಅಡುಗೆಕೋಣೆ. ಲಿಸ್ಟಿನಲ್ಲಿ ಹನ್ನೆರಡು ವಸ್ತು, ಹನ್ನೊಂದು ಸಿಕ್ಕಿ ಆಯ್ತು. ಉಳಿದದ್ದು ಒಂದು ಕೊಡೆ. ಸ್ಕ್ರೀನ್ ಪೂರ್ತಿ ಜಾಲಾಡಿದರೂ ಇಲ್ಲ. ಕಡೆಗೆ ಹಿಂಟ್ ಒತ್ತಿದರೆ ಕಪ್ಪು ಪರದೆಯ ಮೇಲೆ ಕಪ್ಪು ಕೊಡೆ, ಅದೂ ಹಿಡಿ ಮಾತ್ರ, ಮೈಯೆಲ್ಲ ಬೀರುವಿನ ಹಿಂದೆ! ಇದಕ್ಕೆ ಕಷ್ಟದ ಆಟ ಅಂತ ಹೆಸರಿಡ್ತಾರಲ್ಲ, ನನಗೆ ಅಲ್ಲೇ ಸಿಟ್ಟು ಬರುವುದು. ಇದು ಕಳ್ಳಾಟ ಮಾರಾಯ್ರೆ.

ಒಳ್ಳೆಯ ಸೀನ್ ಯಾವುದು ಅಂತ ತಿಳಿಯಲಿಕ್ಕೆ ಒಂದು ಸುಲಭದ ಪರೀಕ್ಷೆ ಉಂಟು. ಹಿಂಟ್ ವಸ್ತುವನ್ನು ತೋರಿಸಿದ ಕೂಡಲೇ ನಿಮ್ಮ ಬಾಯಿಂದ ಎಂತ ಬರ್ತದೆ ನೋಡಿ. "ಛೆ, ಕಣ್ಣೆದುರೇ ಇತ್ತಲ್ಲ" ಅಂತ ಬಂದರೆ ಚಿತ್ರ ಬಿಡಿಸಿದವನು ಗೆದ್ದ. "ಇದು ಯಾರಿಗೆ ಕಾಣ್ತದೆ" ಅಂತ ಬಂದರೆ ಅವನು ಬ್ರೈಟ್‌ನೆಸ್ ಇಳಿಸಿ ಸಂಬಳ ತೆಗೊಂಡಿದ್ದಾನೆ ಅಂತ ಲೆಕ್ಕ.

ಸರಿಯಾಗಿ ಅಡಗಿಸುವುದು ಅಂದರೆ ಆಕಾರಕ್ಕೆ ಆಕಾರ ಜೋಡಿಸುವುದು. ನಮ್ಮ ಯಕ್ಷಗಾನದ ಚೌಕಿಯನ್ನೇ, ಅಂದರೆ ವೇಷ ಕಟ್ಟುವ ಜಾಗವನ್ನೇ, ಒಂದು ಸೀನ್ ಮಾಡಿದರು ಅಂತ ಇಟ್ಟುಕೊಳ್ಳಿ. ಚಂಡೆಯ ಕೋಲು ಎಲ್ಲಿರಬೇಕು? ಚಪ್ಪರದ ಬಿದಿರಿಗೆ ಸಮವಾಗಿ, ಅದರದ್ದೇ ಓರೆಯಲ್ಲಿ. ತಾಳ ಇರಬೇಕಾದದ್ದು ಗುಂಡಗಿನ ಕನ್ನಡಿಗಳ ಸಾಲಿನಲ್ಲಿ. ಅಡಿಕೆ ಒಂದನ್ನು ಎದೆಕಟ್ಟಿನ ಮಣಿಗಳ ನಡುವೆ ಕೂರಿಸಿ, ಹಲ್ಲಿಯನ್ನು ಕಿರೀಟದ ಕೆತ್ತನೆಯ ಅಂಚಿಗೆ ಅಂಟಿಸಿ. ಎಲ್ಲವೂ ಪೂರ್ತಿ ಬೆಳಕಿನಲ್ಲಿ, ಪೂರ್ತಿ ಮೈ ತೋರಿಸಿಕೊಂಡೇ ಇರಲಿ. ಕಣ್ಣು ಅದನ್ನು ನೋಡ್ತದೆ, ಆದರೆ ಬೇರೆ ಯಾವುದೋ ವಸ್ತುವಿನ ಭಾಗ ಅಂದುಕೊಂಡು ಮುಂದೆ ಹೋಗ್ತದೆ. ಮಜಾ ಇರುವುದು ಅದರಲ್ಲಿ. ಅದು ಬಿಟ್ಟು ಚೌಕಿಯ ಮೂಲೆಯಲ್ಲಿ ಹಡಗಿನ ಲಂಗರು, ಪೆಂಗ್ವಿನ್, ಪಿಜ್ಜಾ ತುಂಡು ತಂದು ಸುರಿದರೆ ಅದು ಗುಜರಿ ಅಂಗಡಿ.

ಬಣ್ಣವೇ ಇಲ್ಲದೆ ಇದನ್ನು ಸಾಧಿಸಿದ ಆಟ ಬೇಕಾದರೆ 2017ರ ಹಿಡನ್ ಫೋಕ್ಸ್ ನೋಡಿ. ಪೂರ್ತಿ ಕಪ್ಪು-ಬಿಳುಪಿನ, ಕೈಯಲ್ಲೇ ಬಿಡಿಸಿದ ರೇಖೆ. ಸದ್ದುಗಳೆಲ್ಲ ಬಾಯಲ್ಲೇ ಮಾಡಿದ್ದು. ಟೈಮರ್ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಒಬ್ಬನನ್ನು ಒತ್ತಿದರೆ ಅವನು ಎಂತ ಮಾಡ್ತಾ ಇರಬಹುದು, ಯಾವ ಕಡೆ ಇರಬಹುದು ಅಂತ ಒಂದು ಸಣ್ಣ ಸುಳಿವು ಬರ್ತದೆ. ಆಮೇಲೆ ಹುಡುಕುವುದು ಕಣ್ಣು ಮಾತ್ರ ಅಲ್ಲ, ತಲೆಯೂ ಓಡ್ತದೆ.

ಇನ್ನು ಆಡುವವರ ಕಡೆಗೆ ಬರುವ. ಲಿಸ್ಟಿನ ಮೊದಲ ಹೆಸರು ಓದಿ ಅದೊಂದನ್ನೇ ಹುಡುಕುವುದು, ಮತ್ತೆ ಎರಡನೆಯದು, ಈ ಪದ್ಧತಿ ಬಿಡಿ. ನಾಲ್ಕು ಹೆಸರು ತಲೆಯಲ್ಲಿ ಇಟ್ಟುಕೊಂಡು ಸೀನನ್ನು ಅಡ್ಡಪಟ್ಟಿಗಳಾಗಿ ನೋಡಿ, ಅದೂ ಬಲದಿಂದ ಎಡಕ್ಕೆ. ಓದುವ ಅಭ್ಯಾಸದಿಂದ ಎಡದಿಂದ ಬಲಕ್ಕೆ ಹೋಗುವಾಗ ಕಣ್ಣು ಜಾರಿ ಓಡ್ತದೆ. ಉಲ್ಟಾ ಹೋದರೆ ನಿಲ್ತದೆ. ಬಣ್ಣವನ್ನು ನಂಬಬೇಡಿ, ಯಾಕೆಂದರೆ ಹಿನ್ನೆಲೆಗೆ ಹೊಂದುವ ಹಾಗೆ ವಸ್ತುವಿಗೆ ಬಣ್ಣ ಬದಲಿಸಿರ್ತಾರೆ: ಟೊಮೆಟೊ ಕಂದು, ಚಿಟ್ಟೆ ಬೂದು. ಅಂಚಿನ ಗೆರೆ ಮಾತ್ರ ಬದಲಾಗುವುದಿಲ್ಲ. ಉದ್ದದ ವಸ್ತು, ಅಂದರೆ ಚೂರಿ, ಕೊಳಲು, ಬಾಣ, ಇವನ್ನು ಬಾಗಿಲಿನ ದಾರಂದದಲ್ಲಿ, ಕುರ್ಚಿಯ ಕಾಲಲ್ಲಿ ನೋಡಿ. ಅಂಕೆ, ಅಕ್ಷರ ಇದ್ದರೆ ಮರದ ಮೇಲೆ ಕೆತ್ತಿದ ಹಾಗೆ ಇರ್ತದೆ. ಲಿಸ್ಟಿನಲ್ಲಿ ಬೇರೆ ಬಣ್ಣದಲ್ಲಿ ಬರೆದ ಹೆಸರುಗಳನ್ನು ನೇರವಾಗಿ ಹುಡುಕಿ ಪ್ರಯೋಜನ ಇಲ್ಲ; ಅವಕ್ಕೆ ಮೊದಲು ಡ್ರಾಯರ್ ತೆಗೆಯಬೇಕು, ಇಲ್ಲ ಒಂದನ್ನು ಇನ್ನೊಂದಕ್ಕೆ ಜೋಡಿಸಬೇಕು.

ಹಿಂಟ್ ವಿಷಯದಲ್ಲಿ ಒಂದು ಸೂಕ್ಷ್ಮ. ಲಿಸ್ಟಿನಲ್ಲಿ ಎಂಟು ಬಾಕಿ ಇರುವಾಗ ಒತ್ತಿದರೆ ಅದು ತನಗೆ ಬೇಕಾದ ಯಾವುದನ್ನೋ ತೋರಿಸ್ತದೆ, ಹೆಚ್ಚಾಗಿ ನಿಮಗೆ ಸುಲಭಕ್ಕೆ ಸಿಗುವಂಥದ್ದನ್ನೇ. ಕೊನೆಯ ಎರಡಕ್ಕೆ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಟಕಟಕ ಅಂತ ಎಲ್ಲ ಕಡೆ ಒತ್ತಿದರೆ ಹೆಚ್ಚಿನ ಗೇಮ್‌ಗಳು ಕೆಲವು ಸೆಕೆಂಡ್ ಕರ್ಸರನ್ನು ಕಟ್ಟಿ ಹಾಕ್ತವೆ. ಮತ್ತೆ, ರಾತ್ರಿ ಆಡುವವರು ಸ್ಕ್ರೀನಿನ ಸೆಟ್ಟಿಂಗಿನಲ್ಲಿರುವ ನೈಟ್ ಲೈಟ್ ಆಫ್ ಮಾಡಿ. ಅದು ನೀಲಿಯನ್ನು ಇಳಿಸಿ ಎಲ್ಲವನ್ನೂ ಹಳದಿ ಮಾಡ್ತದೆ, ಮೊದಲೇ ಕಂದು ಕಂದು ಇರುವ ಸೀನಿನಲ್ಲಿ ಬಣ್ಣಗಳ ವ್ಯತ್ಯಾಸವೇ ಹೋಗ್ತದೆ. ಕೆಂಪು-ಹಸಿರು ಗೊತ್ತಾಗದವರು ಹೆಸರಿನ ಬದಲು ನೆರಳಾಕಾರ ಕೊಡುವ ಗೇಮ್ ಆರಿಸಿದರೆ ಒಳ್ಳೆಯದು.

2005ರಲ್ಲಿ ಬಿಗ್ ಫಿಶ್ ಗೇಮ್ಸ್‌ನ ಮಿಸ್ಟರಿ ಕೇಸ್ ಫೈಲ್ಸ್ ಎಂಬ ಗೇಮ್ ಸರಣಿ ಶುರುವಾದಾಗ ಇದು ಹೆಚ್ಚಾಗಿ ಲಿಸ್ಟಿನ ಆಟವೇ. ದೊಡ್ಡ ಕಥೆ, ಕೋಣೆ ಕೋಣೆ ಸುತ್ತುವುದು, ಬೀಗ-ಕೀಲಿ ಎಲ್ಲ ಆಮೇಲೆ ಸೇರಿಕೊಂಡದ್ದು. ಸೇರಿದ್ದು ಒಳ್ಳೆಯದೇ, ಆದರೆ ಅಲ್ಲೊಂದು ರೋಗ ಬಂತು. ಕೈಯಲ್ಲಿ ಹರಿತದ ಚೂರಿ ಉಂಟು, ಎದುರಿಗೆ ಒಂದು ಹಗ್ಗ. ಕತ್ತರಿಸಲಿಕ್ಕೆ ಬಿಡುವುದಿಲ್ಲ! ಅದಕ್ಕೆ ಕತ್ತರಿಯೇ ಬೇಕಂತೆ, ಕತ್ತರಿ ಮೂರು ಕೋಣೆ ಆಚೆ. ಚೂರಿಯಿಂದ ಒಂದು ಮೂಟೆ ಹರಿದ ಕೂಡಲೇ ಅದು ಮುರಿದು ಮಾಯ. ಹೀಗೆ ಮಾಡುವುದು ಯಾಕೆ ಅಂದರೆ, ಒಂದು ಸಾಮಾನಿಗೆ ಒಂದೇ ಕೆಲಸ ಇಟ್ಟರೆ ಗೇಮ್ ಮಾಡುವವರಿಗೆ ಪರೀಕ್ಷಿಸಲಿಕ್ಕೆ ಸುಲಭ, ಆಟಗಾರ ಅಡ್ಡದಾರಿ ಹಿಡಿಯುವ ಭಯ ಇಲ್ಲ. ಅವರ ಅನುಕೂಲ ಅರ್ಥ ಆಗ್ತದೆ. ಆದರೆ ಹುಡುಕುವವನ ಬುದ್ಧಿಗೆ ಬೆಲೆ ಇಲ್ಲದ ಮೇಲೆ ಅವನು ಯೋಚನೆ ನಿಲ್ಲಿಸ್ತಾನೆ, ಸಿಕ್ಕಿದ್ದನ್ನೆಲ್ಲ ಕಂಡಲ್ಲೆಲ್ಲ ಉಜ್ಜಲಿಕ್ಕೆ ಶುರು ಮಾಡ್ತಾನೆ. ಕಪ್ಪು ಪರದೆಯ ಮೇಲಿನ ಕಪ್ಪು ಕೊಡೆಗೂ ಇದಕ್ಕೂ ವ್ಯತ್ಯಾಸ ಇಲ್ಲ, ಎರಡರಲ್ಲೂ ಉತ್ತರವನ್ನು ಊಹಿಸಲಿಕ್ಕೆ ದಾರಿಯೇ ಇಟ್ಟಿಲ್ಲ.

ನಡುವೆ ಬರುವ ಮಿನಿ ಗೇಮ್ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಮೂರು ಕಂಬಕ್ಕೆ ಬಿಲ್ಲೆ ಸಾಗಿಸುವ ಅದೇ ಹನೋಯ್ ಗೋಪುರ: ಐದು ಬಿಲ್ಲೆ ಇದ್ದರೆ ಕಡಿಮೆ ಅಂದರೂ 31 ನಡೆ, ಒಮ್ಮೆ ಕಲಿತವರಿಗೆ ಅದು ಕೂಲಿ ಕೆಲಸ. ಮಿನಿ ಗೇಮ್ ದಾಟಿಸುವ ಸ್ಕಿಪ್ ಬಟನ್ ತುಂಬಿದ ಕೂಡಲೇ ಒತ್ತಿ, ಪಾಪ ಇಲ್ಲ. ನಮ್ಮ ಚೆನ್ನೆಮಣೆಯನ್ನು ಯಾರಾದರೂ ಹಾಕಲಿ ನೋಡುವ! ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಮಳೆಗಾಲದ ಆಟಿ ತಿಂಗಳ ಹಳೇ ಮನೆಯ ಚಾವಡಿ. ಕಥೆಗೂ ಹೊಂದ್ತದೆ, ಪ್ರತಿ ಸಲ ಬೇರೆ ಲೆಕ್ಕವೂ ಆಗ್ತದೆ.

ಮೊಬೈಲಿನ ಉಚಿತ ಗೇಮ್‌ಗಳದ್ದು ಬೇರೆಯೇ ಕಥೆ. ಅಲ್ಲಿ ಎನರ್ಜಿ ಅಂತ ಒಂದು ಮೀಟರ್. ಸೀನ್ ಆಡಿದಷ್ಟು ಇಳಿಯುತ್ತದೆ, ಖಾಲಿ ಆದರೆ ಕಾಯಬೇಕು ಇಲ್ಲ ದುಡ್ಡು ಕೊಡಬೇಕು. ದುಡ್ಡು ಕೇಳುವುದಕ್ಕೆ ನನ್ನ ತಕರಾರಿಲ್ಲ, ಅವರಿಗೂ ಹೊಟ್ಟೆ ಉಂಟು. ತಕರಾರು ಇರುವುದು ಸ್ಟಾರ್ ತುಂಬಿಸಲಿಕ್ಕೆ ಒಂದೇ ಸೀನನ್ನು ಮತ್ತೆ ಮತ್ತೆ ಆಡಿಸುವುದಕ್ಕೆ. ನಾಲ್ಕನೇ ಸಲಕ್ಕೆ ಗಡಿಯಾರ ಎಲ್ಲಿ, ಗೂಬೆ ಎಲ್ಲಿ ಅಂತ ಬೆರಳಿಗೇ ಗೊತ್ತು. ಆಗ ಅದು ನೆನಪಿನ ಆಟ, ಮೇಲಿಂದ ವೇಗಕ್ಕೆ ಅಂಕ. ಜೊತೆಗೆ ಹಲವಕ್ಕೆ ನೆಟ್ ಬೇಕೇ ಬೇಕು. ಜುಲೈ ಮಳೆಗೆ ಕರೆಂಟು ಹೋಗಿ ವೈಫೈ ಸತ್ತರೆ ಮುಗಿಯಿತು. ಕಂಪ್ಯೂಟರಿಗೆ ಕೊಂಡ ಹಳೇ ಗೇಮ್ ಆದರೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಆರಾಮ ಓಡ್ತದೆ.

ಕೊಳ್ಳುವವರಿಗೆ: ಕಲೆಕ್ಟರ್ಸ್ ಎಡಿಷನ್ ಅಂದರೆ ಮುಖ್ಯ ಕಥೆಯ ಜೊತೆ ಒಂದು ಬೋನಸ್ ಅಧ್ಯಾಯ, ಗೈಡ್, ವಾಲ್‌ಪೇಪರ್. ಬೋನಸ್ ಇಲ್ಲದೆಯೇ ಮುಖ್ಯ ಕಥೆ ಮುಗಿಯುವುದಾದರೆ ಸಾದಾ ಸ್ಟ್ಯಾಂಡರ್ಡ್ ಎಡಿಷನ್ ಸಾಕು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನ ಆಗಿಲ್ಲ, ಆಡಿದ್ದು 2 ಗಂಟೆಗಿಂತ ಕಡಿಮೆ ಅಂತಾದರೆ ದುಡ್ಡು ವಾಪಸ್ ಕೇಳಬಹುದು. ಈ ಜಾತಿಯ ಗೇಮ್ ಮುಗಿಯಲಿಕ್ಕೆ ಮೂರು-ನಾಲ್ಕು ಗಂಟೆ ಸಾಕಾಗುವುದರಿಂದ ಮೊದಲ ಮುಕ್ಕಾಲು ಗಂಟೆಯಲ್ಲೇ ತೀರ್ಮಾನ ಮಾಡಿ. ಮೊದಲ ಮೂರು ಸೀನಿನಲ್ಲಿ ಎರಡು ಸಲ "ಇದು ಯಾರಿಗೆ ಕಾಣ್ತದೆ" ಅಂತ ಬಾಯಿಗೆ ಬಂತಾ, ಚೂರಿ ಇದ್ದೂ ಹಗ್ಗ ಕತ್ತರಿಸಲಿಕ್ಕೆ ಬಿಡಲಿಲ್ಲವಾ, ಅಲ್ಲಿಗೇ ನಿಲ್ಲಿಸಿ ರಿಫಂಡ್ ಹಾಕಿ.