ಅರಮನೆ ಎಲ್ಲೂ ಹೋಗಲ್ಲ, ಈ ಸಲ ಬ್ಲಾಕ್‌ಪೂಲ್‌ಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೂ ಕೇಳ್ತಿದೆ ತಾನೇ? ಸರಿ. ನಮ್ಮ ಕನ್ನಡದವರ ಬೇಸಿಗೆ ಕೋಚ್ ಟ್ರಿಪ್‌ಗೆ ಮತ್ತೆ ಲಂಡನ್ ಹತ್ರದ ರಾಜಮನೆತನದ ಕೋಟೆ, ಆ ವಿಂಡ್ಸರ್ ಕ್ಯಾಸಲ್ಲೇ ಅಂತ ಮಾತು ನಡೀತಿದೆ ಅಂತ ಗೊತ್ತಾಯ್ತು, ಅದಕ್ಕೇ ಕಾರ್ಯದರ್ಶಿಗಳ ಹತ್ರ ಊಟಕ್ಕೆ ಮುಂಚೆ ಒಂದಿಷ್ಟು ಟೈಮ್ ಕೇಳಿ ಇಸ್ಕೊಂಡಿದೀನಿ. ಊರಿಂದ ಅಪ್ಪ ಅಮ್ಮ ಬಂದ್ರೂ ಅಷ್ಟೇ, ಅತ್ತೆ ಮಾವ ಬಂದ್ರೂ ಅಷ್ಟೇ, ನಾವು ಕರ್ಕೊಂಡು ಹೋಗೋದು ಬಕಿಂಗ್‌ಹ್ಯಾಮ್ ಅರಮನೆ, ಟವರ್ ಆಫ್ ಲಂಡನ್, ಕೊಹಿನೂರ್ ಇರೋ ಕಿರೀಟ. ನೋಡ್ಲಿ, ಬೇಡ ಅನ್ನಲ್ಲ. ಆದ್ರೆ ನಾವು ಬದುಕ್ತಿರೋದು ಇಂಗ್ಲೆಂಡಿನ ವಾಯವ್ಯ ಮೂಲೆಯ ಈ ಲ್ಯಾಂಕಶೈರ್ ಸೀಮೇಲಿ ಕಣ್ರೀ, ಇಲ್ಲಿನ ಜನ ಹೇಗೆ ದುಡಿದ್ರು, ದುಡಿದ ದುಡ್ಡಲ್ಲಿ ಹೇಗೆ ಖುಷಿಪಟ್ರು ಅನ್ನೋದೇ ನಮಗೆ ಗೊತ್ತಿಲ್ಲ ಅಂದ್ರೆ ಹೇಗೆ?

ಓಲ್ಡಮ್, ಬೋಲ್ಟನ್, ಬ್ಲ್ಯಾಕ್‌ಬರ್ನ್, ಬರ್ನ್ಲಿ, ಎಲ್ಲ ಹತ್ತಿ ಗಿರಣಿ ಊರುಗಳು. ವರ್ಷದಲ್ಲಿ ಒಂದು ವಾರ ಊರಿನ ಗಿರಣಿ ಅಷ್ಟೂ ಬಂದ್, ಬಾಯ್ಲರ್ ಆರಿಸಿ ಕ್ಲೀನ್ ಮಾಡೋರು, ಮೆಷಿನ್ ರಿಪೇರಿ ಮಾಡೋರು. ಇದೇ ವೇಕ್ಸ್ ವೀಕ್. ಮೂಲದಲ್ಲಿ ಅದು ಚರ್ಚಿನ ಹಬ್ಬ, ನಮ್ಮೂರ ಜಾತ್ರೆ ಇದ್ದ ಹಾಗೆ. ಒಂದೊಂದು ಊರಿಗೆ ಒಂದೊಂದು ವಾರ, ಹಾಗಾಗಿ ಬೇಸಿಗೆ ಪೂರ್ತಿ ಇದೇ ಸೀಮೆಯ ಸಮುದ್ರ ತೀರದ ಊರು ಬ್ಲಾಕ್‌ಪೂಲ್‌ಗೆ ಜನ ಬರ್ತಾನೇ ಇರೋರು. ರೈಲು 1846ರಲ್ಲೇ ಬಂದಿತ್ತು. ಆ ವಾರಕ್ಕೆ ಸಂಬಳ ಮಾತ್ರ ಇಲ್ಲ, ಸಂಬಳದ ರಜೆಗೆ ಕಾಯ್ದೆ ಬಂದಿದ್ದು 1938ರಲ್ಲಿ. ವರ್ಷವಿಡೀ ಉಳಿತಾಯದ ಕ್ಲಬ್ಬಿಗೆ ಪೆನ್ನಿ ಪೆನ್ನಿ ಕಟ್ಟಿ, ಇಡೀ ಬೀದಿ ಒಟ್ಟಿಗೆ ರೈಲು ಹತ್ತೋದು.

ಧಾರವಾಡದ ಕಡೆಯವರು ಇಲ್ಲಿ ಇದೀರಲ್ಲ, ನಿಮಗೊಂದು ಮಾತು. 1861ರಲ್ಲಿ ಅಮೆರಿಕಾದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತೋಯ್ತು, ಇಲ್ಲಿ ಗಿರಣಿ ಮುಚ್ಚಿ ಜನ ಉಪವಾಸ ಬಿದ್ರು, ಆಗ ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಬಿದ್ದಿದ್ದು ಧಾರವಾಡದ ಹತ್ತಿ ಮೇಲೆ, ಅದನ್ನ ಸಾಗಿಸೋಕೆ ಕಾರವಾರ ಬಂದರಿನ ಮೇಲೆ. ಉತ್ತರ ಕನ್ನಡನ 1862ರಲ್ಲಿ ಮದ್ರಾಸಿಂದ ಬಿಡಿಸಿ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ರ ಹಿಂದೆ ಈ ಹತ್ತಿಯ ಒತ್ತಡ ಇತ್ತು. ಹಾಗಾಗಿ ಈ ಗಿರಣಿಯವರ ಕಥೆ ನಮಗೆ ಸಂಬಂಧ ಇಲ್ಲದ್ದಲ್ಲ.

ಈಗ ಬ್ಲಾಕ್‌ಪೂಲ್ ಟವರ್. ಪ್ಯಾರಿಸ್‌ನ ಐಫೆಲ್ ಟವರ್ ನೋಡ್ಕೊಂಡು ಬಂದು 1894ರಲ್ಲಿ ತೆರೆದಿದ್ದು, 158 ಮೀಟರ್ ಎತ್ತರ. ಎಲ್ರೂ ಕೆಳಗೆ ನಿಂತು ಫೋಟೋ ತೆಗೆಸ್ಕೊಂಡು, ಫಿಶ್ ಅಂಡ್ ಚಿಪ್ಸೋ ಬರೀ ಚಿಪ್ಸೋ ತಿಂದು ವಾಪಸ್ ಬರ್ತಾರೆ. ಅಯ್ಯೋ, ಒಳಗೆ ಹೋಗ್ರೀ! ಒಳಗೆ ಬಾಲ್‌ರೂಮ್ ಇದೆ, ಅಂದ್ರೆ ಜೋಡಿಯಾಗಿ ಕುಣಿಯೋ ದೊಡ್ಡ ಹಾಲ್. 1899ರದ್ದು, ಫ್ರಾಂಕ್ ಮ್ಯಾಚಮ್ ಅನ್ನೋ ವಾಸ್ತುಶಿಲ್ಪಿ ಮಾಡಿದ್ದು. ಎರಡು ಸುತ್ತು ಬಾಲ್ಕನಿ, ಎಲ್ಲ ಚಿನ್ನದ ಬಣ್ಣ, ಛಾವಣಿ ತುಂಬ ಚಿತ್ರ, ವೇದಿಕೆ ಮೇಲೆ ಶೇಕ್ಸ್‌ಪಿಯರ್ ಕಾವ್ಯದ ಒಂದು ಸಾಲು. ನೆಲ ನೋಡಿ, ಮಹಾಗನಿ, ಓಕ್, ವಾಲ್‌ನಟ್ ಮರದ ಸಣ್ಣ ಸಣ್ಣ ತುಂಡು ಜೋಡಿಸಿರೋದು, ಮೂವತ್ತು ಸಾವಿರಕ್ಕೂ ಹೆಚ್ಚು ತುಂಡು. 1956ರಲ್ಲಿ ಬೆಂಕಿ ಬಿದ್ದು ಆ ನೆಲ ಹಾಳಾಗಿತ್ತು, ಮತ್ತೆ ಹಾಗೇ ಕಟ್ಟಿ ನಿಲ್ಲಿಸಿದ್ರು. ವಿಂಡ್ಸರ್‌ನಲ್ಲಿ ಇಂಥ ಹಾಲ್ ಇದ್ರೆ ಹಗ್ಗದ ಆಚೆ ನಿಂತು ನೋಡ್ಬೇಕು. ಇಲ್ಲಿ ನೀವೇ ಕುಣೀಬಹುದು, ಕೂಲಿಯವರು ಕುಣೀಲಿ ಅಂತಾನೇ ಕಟ್ಟಿದ್ದು ಇದು.

ಅಮ್ಮ ಹಾಸನದಿಂದ ಬಂದಿದ್ದಾಗ ಒಂದು ಮಧ್ಯಾಹ್ನ ಕರ್ಕೊಂಡು ಹೋಗಿದ್ದೆ. ಮೈಸೂರ್ ಸಿಲ್ಕ್ ಸೀರೆ, ಕಾಲಿಗೆ ವಾಕಿಂಗ್ ಶೂ, ಮೇಲೊಂದು ಸ್ವೆಟರ್. ನಾವು ಟೀ ಹಿಡ್ಕೊಂಡು ಕೂತಿದ್ವಿ, ಇದ್ದಕ್ಕಿದ್ದಂಗೆ ವೇದಿಕೆ ಕೆಳಗಿಂದ ಬೆಳ್ಳಗಿನ ವುರ್ಲಿಟ್ಜರ್ ಆರ್ಗನ್, ಅಂದ್ರೆ ಕೀಲಿಮಣೆ ಇರೋ ದೊಡ್ಡ ವಾದ್ಯ, ನುಡಿಸ್ತಾ ನುಡಿಸ್ತಾನೇ ಮನುಷ್ಯನ ಸಮೇತ ಮೇಲೆದ್ದು ಬಂತು. ಅಮ್ಮ ‘ಅಯ್ಯೋ ರಾಮ, ಒಳಗಡೆ ಇನ್ನೂ ಎಷ್ಟು ಜನ ಇದಾರೋ’ ಅಂದ್ರು. (ಅದೇ ಆರ್ಗನ್ ಜಾಗದಲ್ಲಿ ರೆಜಿನಾಲ್ಡ್ ಡಿಕ್ಸನ್ ಅನ್ನೋರು 1930ರಿಂದ 1970ರವರೆಗೆ ನುಡಿಸಿದ್ರು, ರೇಡಿಯೋದಲ್ಲಿ ಇಡೀ ದೇಶಕ್ಕೇ ಗೊತ್ತಿದ್ದ ಹೆಸರು.) ಎಂಬತ್ತು ದಾಟಿದ ಜೋಡಿಗಳು ಎದ್ದು ವಾಲ್ಟ್ಜ್ ಶುರು ಮಾಡಿದ್ರು. ಪಕ್ಕದ ಟೇಬಲ್‌ನಲ್ಲಿ ಓಲ್ಡಮ್‌ನ ಒಬ್ಬ ಅಜ್ಜಿ, ಅವರಮ್ಮ ಗಿರಣಿಯಲ್ಲಿ ನೂಲು ತೆಗೀತಿದ್ರಂತೆ, ವೇಕ್ಸ್ ವಾರದಲ್ಲಿ ಇಲ್ಲೇ ಕುಣಿಯೋಕೆ ಕಲ್ತಿದ್ದಂತೆ. ಅವರು ಸೀದಾ ಬಂದು ಅಮ್ಮನ ಕೈ ಹಿಡ್ಕೊಂಡ್ರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಆ ಅಜ್ಜಿ ಲ್ಯಾಂಕಶೈರ್ ಇಂಗ್ಲಿಷ್ ನಂಗೇ ಅರ್ಧ ಅರ್ಥ ಆಗಲ್ಲ, ಆದ್ರೂ ಇಬ್ರೂ ಒಂದು ಹಾಡು ಮುಗಿಯೋವರೆಗೂ ಒನ್ ಟೂ ತ್ರೀ ಹೆಜ್ಜೆ ಹಾಕಿದ್ರು, ಸೀರೆ ನೆರಿಗೆ ಎಡಗೈಯಲ್ಲಿ ಎತ್ತಿ ಹಿಡ್ಕೊಂಡು. ಲಂಡನ್ ಅರಮನೇಲಿ ಅಮ್ಮನ್ನ ಯಾರೂ ಮಾತಾಡ್ಸಿರಲಿಲ್ಲ. ಹಳೇ ಕಾಲದಲ್ಲಿ ಈ ಹಾಲ್‌ನಲ್ಲಿ ಒಂದು ರೂಲ್ ಬೇರೆ ಇತ್ತು, ಗಂಡಸರು ಹೆಂಗಸರ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಕುಣಿಯೋ ಹಾಗಿಲ್ಲ ಅಂತ. ಹೆಂಗಸರಿಗೆ ಸದ್ಯ ಆ ಮಾತು ಹೇಳಿರಲಿಲ್ಲ!

ಇದೇ ಮ್ಯಾಚಮ್ ಬ್ಲಾಕ್‌ಪೂಲ್‌ನಲ್ಲಿ ಗ್ರ್ಯಾಂಡ್ ಥಿಯೇಟರೂ ಕಟ್ಟಿದ್ದು, ಅದೂ 1894. ಉಕ್ಕಿನ ತೊಲೆಗಳನ್ನ ಗೋಡೆಯಿಂದ ಚಾಚಿಸಿ ಬಾಲ್ಕನಿ ನಿಲ್ಲಿಸಿದಾನೆ, ನಡುವೆ ಅಡ್ಡ ಕಂಬ ಇಲ್ಲ, ಹಾಗಾಗಿ ಕಡಿಮೆ ದುಡ್ಡು ಕೊಟ್ಟು ಮೇಲೆ ಕೂತವನಿಗೂ ನಾಟಕ ಕಾಣುತ್ತೆ. ಗುಬ್ಬಿ ಕಂಪನಿ ಕಥೆ ಕೇಳಿ ಬೆಳೆದ ನಮಗೆ ಇದು ಖಂಡಿತ ಮನಸ್ಸಿಗೆ ಹತ್ರ ಆಗುತ್ತೆ. 1972ರಲ್ಲಿ ಅದನ್ನ ಮುಚ್ಚಿದ್ರು, ಕೆಡವೋ ಮಾತೂ ಇತ್ತು, ಊರಿನ ಜನಾನೇ ಗುಂಪು ಕಟ್ಟಿ ಹೋರಾಡಿ 1981ರಲ್ಲಿ ಮತ್ತೆ ತೆರೆಸಿದ್ರು. ಅರಮನೆ ಉಳಿಸೋಕೆ ಸರ್ಕಾರ ಇದೆ, ಇದನ್ನ ಉಳಿಸಿದ್ದು ಟಿಕೆಟ್ ಕೊಳ್ಳೋ ಜನ. ನಾವೂ ಈಗ ಈ ಊರಿನ ಜನಾನೇ ಅಲ್ವಾ, ನಾವೂ ಟಿಕೆಟ್ ಕೊಳ್ಳೋಣ.

ಅಧ್ಯಕ್ಷರು ಗಡಿಯಾರ ತೋರಿಸ್ತಿದಾರೆ, ಒಳಗಿಂದ ಬಿಸಿಬೇಳೆಬಾತ್ ವಾಸನೆ ಬೇರೆ ಬರ್ತಿದೆ. ಟ್ರಾಮ್ ಬಗ್ಗೆ, ಸಮುದ್ರದೊಳಕ್ಕೆ ಚಾಚಿದ ಮೂರು ಪಿಯರ್ ಕಟ್ಟೆಗಳ ಬಗ್ಗೆ ಹೇಳ್ಬೇಕಿತ್ತು. ಟ್ರಾಮ್ 1885ರಿಂದ ಓಡ್ತಿದೆ, ಬೇರೆ ಊರುಗಳು ಕಿತ್ತು ಹಾಕಿದ್ರೂ ಇವರು ಬಿಡಲಿಲ್ಲ, ನೀವೂ ಒಂದ್ಸಲ ಹತ್ತಿ ನೋಡಿ. ದೀಪಾಲಂಕಾರ ನೋಡ್ಬೇಕಂದ್ರೆ ಸೆಪ್ಟೆಂಬರ್‌ನಲ್ಲೋ ಆಮೇಲೋ ಹೋಗಿ, 1879ರಲ್ಲಿ ಎಂಟು ಆರ್ಕ್ ದೀಪ, ಅಂದ್ರೆ ಆ ಕಾಲದ ಪ್ರಖರ ವಿದ್ಯುತ್ ದೀಪ, ಹಚ್ಚಿದಾಗಿಂದ ಅವರಿಗೆ ಆ ಹುಚ್ಚು.

ಏನಂದ್ರಿ ಅಕ್ಕಾ? ಮಕ್ಕಳಿಗೆ ಬೋರ್ ಆಗಲ್ವಾ ಅಂತಾನಾ? ಟವರಿನ ನಾಲ್ಕು ಕಾಲುಗಳ ಮಧ್ಯೆ ಸರ್ಕಸ್ ಇದೆ, ಅದೂ 1894ರಿಂದ. ಕೊನೇಲಿ ರಿಂಗಿನ ನೆಲ ಹಾಗೇ ಕೆಳಗಿಳಿದು ಅದರ ತುಂಬ ನೀರು ತುಂಬ್ಕೊಳ್ಳುತ್ತೆ, ಆಮೇಲೆ ಆಟ ಎಲ್ಲ ನೀರಲ್ಲೇ. ಸ್ಕೂಲ್ ರಜೆಗೆ ಸೀಟು ಬೇಗ ಹೋಗುತ್ತೆ, ಮುಂಚೇನೇ ಬುಕ್ ಮಾಡಿ, ಮುಂದಿನ ಸಾಲಲ್ಲಿ ಕೂತ್ರೆ ಮಕ್ಕಳಿಗೆ ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಕೊಳ್ಳಿ. ನಮಸ್ಕಾರ.